ತಾರವ್ವನ ಪರವಾಗಿ ಕ್ಷಮಿಸಿಬಿಟ್ಟವರಿಗೆ

ಸಭಾ ಮಂಡಳಿಯ ಅಧ್ಯಕ್ಷರೇ,

ಬರುವ ಭಾನುವಾರ ಚರ್ಚಿನ ಆರಾಧನೆ ಮುಗಿಸಿ, ಹಿರಿಯರನ್ನು ಕಟ್ಟಿಕೊಂಡು ರಾಯಬಾಗದ ನನ್ನ ಮನೆಗೆ ಬರುವಿರಂತೆ. ನನ್ನ ಸೊಸೆ ತಾರವ್ವನನ್ನು ಅವಳ ಗಂಡನ ಕೈಗೆ ಒಪ್ಪಿಸಿ, ಪ್ರಾರ್ಥನೆ ಮಾಡಿ, ಚಹಾ ಕುಡಿದು ಹೋಗುವಿರಂತೆ. ಬರಬೇಡಿ. ಅವಳನ್ನು ನಾನು ಕಳಿಸುವುದಿಲ್ಲ. ಆ ಗಂಡ ನಾನೇ ಹಡೆದ ಮಗ ಭಾವುಸಾಹೇಬ. ಹಾಗಾಗಿ, ಸೊಸೆಯ ತವರಿನವರು ಚಾಡಿ ಹೇಳಿ ಬರೆಸಿದ್ದಾರೆ ಎಂದು ಇದನ್ನು ಪಕ್ಕಕ್ಕಿಡಲು ನಿಮಗೆ ಬರುವುದಿಲ್ಲ.

ನನ್ನ ಮಗನ ಸದ್ಗುಣಗಳು ನಿಮಗೆ ಗೊತ್ತೇ ಇವೆ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಗುಮಾಸ್ತ. ಬೀಡಿ ಮುಟ್ಟುವುದಿಲ್ಲ, ಸೆರೆ ಮುಟ್ಟುವುದಿಲ್ಲ. ಚರ್ಚಿನಲ್ಲಿ ಹಾರ್ಮೋನಿಯಂ ಪೇಟಿ ನುಡಿಸಿದರೆ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಾರೆ. "ಸೆರಿ ಕುಡಿಯಾಂವ ಹೇಣ್ತಿನ್ನ ಬಡಿತಾನ್ರಿ, ನಮ್ಮ ಭಾವುಸಾಹೇಬ ಅಂಥಾಂವಲ್ಲ" ಎಂದು ನಿಮ್ಮ ಹಿರಿಯರು ಹೇಳುತ್ತಾರೆ. ನಿಜ, ಅವನು ಎಚ್ಚರದಲ್ಲೇ ಬಡಿಯುತ್ತಾನೆ. ಸೀರೆ ಮುಚ್ಚುವ ಜಾಗ ನೋಡಿಕೊಂಡು ಬಡಿಯುತ್ತಾನೆ. ಕುಡುಕನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಈ ಪತ್ರವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ; ನಮ್ಮಲ್ಲೊಂದು ಪದ್ಧತಿ ಇದೆ, ಹೊರಗಿನ ಓದುಗರಿಗಾಗಿ ಹೇಳುತ್ತೇನೆ. ತಪ್ಪು ಮಾಡಿದವನು, ಸಭೆಗೆ ರೊಟ್ಟಿ ದ್ರಾಕ್ಷಾರಸ ಹಂಚುವ ಪ್ರಭು ಭೋಜನದ ಭಾನುವಾರ, ಎಲ್ಲರ ಮುಂದೆ ನಿಂತು "ತಪ್ಪಾತು" ಅನ್ನಬೇಕು. ಸಭೆ "ಆಮೆನ್" ಅನ್ನುತ್ತದೆ. ಪಾಸ್ಟರರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಅಲ್ಲಿಗೆ ಮುಗಿಯಿತು, ಆ ಮಾತನ್ನು ಮತ್ತೆ ಎತ್ತಿದವರೇ ತಪ್ಪಿತಸ್ಥರು. ಬದುವಿನ ಜಗಳಕ್ಕೆ, ಮದುವೆಮನೆಯ ಮುನಿಸಿಗೆ ಇದು ಒಳ್ಳೆಯ ಪದ್ಧತಿಯೇ. ನನ್ನ ಮಗ ಇದರ ರುಚಿ ಕಂಡ. ಬಡಿಯುವುದು, ಸಭೆಯ ಮುಂದೆ ನಿಂತು ಅಳುವುದು, ರೊಟ್ಟಿ ತೆಗೆದುಕೊಳ್ಳುವುದು, ಹೋಗಿ ಪೇಟಿಯ ಮುಂದೆ ಕೂಡುವುದು. ತಾರವ್ವ ಬಾಯಿ ತೆರೆದರೆ, "ಕ್ಷಮಿಸಿದ್ದನ್ನ ಮತ್ತ ತಗೀಬಾರದವ್ವಾ" ಎಂದು ಅವಳಿಗೇ ಬುದ್ಧಿ! ಅಲ್ಲ ಸ್ವಾಮೀ, ಕ್ಷಮಿಸಲು ನೀವು ಯಾರು? ಏಟು ಬಿದ್ದದ್ದು ಸಭೆಯ ಬೆನ್ನಿಗೋ ಅವಳ ಬೆನ್ನಿಗೋ? ಅವಳನ್ನು ಒಂದು ಮಾತಾದರೂ ಕೇಳಿದಿರಾ?

ಹೋದ ತಿಂಗಳು ನಾನು ನಿಪ್ಪಾಣಿಯಲ್ಲಿದ್ದೆ, ಬಸುರಿ ಸೊಸೆಗೆ ಆಸರೆಯಾಗಲೆಂದು ಹೋಗಿದ್ದೆ. ಅವನು ಕ್ರಿಸ್ಮಸ್ ಹಾಡುಗಳ ತಾಲೀಮು ಮಾಡುತ್ತಿದ್ದ. ಇವಳು ಚಹಾ ಇಡಲು ಸ್ಟೋವಿಗೆ ಪಂಪು ಹೊಡೆದಳು. ಸ್ವರ ಕೆಟ್ಟಿತಂತೆ. ಎದ್ದು ಬಂದವನೇ ಅವಳ ಕೈ ತಿರುವಿ ಮುರಿದ, ಬಿದ್ದವಳನ್ನು ಒದ್ದ. ನಾನು ಅಡ್ಡ ಹೋದೆ, ನನ್ನನ್ನೂ ನೂಕಿದ. ಕೂಸು ಉಳಿಯಲಿಲ್ಲ.

ದವಾಖಾನೆಗೆ ನಿಮ್ಮ ಹಿರಿಯ ಆಬಾಸಾಹೇಬರು ಬಂದರು. ನಾನು ಔಷಧ ತರಲು ಹೋದಾಗ ಅವಳ ಮಗ್ಗುಲಲ್ಲಿ ಕೂತು, "ತಂಗೀ, ಬಚ್ಚಲದಾಗ ಜಾರಿ ಬಿದ್ದೆ ಅಂತ ಹೇಳು. ದೇವರ ಮನಿ ಮಾತು ಪೊಲೀಸರ ಬಾಯಾಗ ಬೀಳಬಾರದು" ಎಂದರಂತೆ. ಅವಳು ಹಾಗೆಯೇ ಹೇಳಿದಳು. ನಾನು ಡಾಕ್ಟರ ಮುಂದೆ ನಿಜ ಹೇಳಹೋದರೆ ಸೆರಗು ಹಿಡಿದು, "ಬ್ಯಾಡ್ರಿ ಅತ್ತಿ, ನನ್ನ ಸಭಾದಾಗಿಂದ ತಗದ ಹಾಕ್ತಾರ" ಎಂದು ಬೇಡಿಕೊಂಡಳು. ಈ ಸುಳ್ಳನ್ನು ಕಲಿಸಿದವರು ಯಾವ ಭಾನುವಾರ ಎದ್ದು ನಿಂತು "ತಪ್ಪಾತು" ಅಂದರು?

ಅವಳನ್ನು ಕರೆದುಕೊಂಡು ರಾಯಬಾಗಕ್ಕೆ ಬಂದೆ. ಅರಿವೆ ಒಣಹಾಕಲು ನಾನು ಕೈ ಎತ್ತಿದರೂ ತಲೆ ಮುಚ್ಚಿಕೊಳ್ಳುತ್ತಾಳೆ. ಅವಳು ಹೆದರಿದಂತೆಯೇ ಆಯಿತು. ಗಂಡನ ಜೊತೆ ಸಮಾಧಾನ ಮಾಡಿಕೊಂಡಿಲ್ಲವೆಂದು ನಿಮ್ಮ ಮಂಡಳಿಗೇ ಸೇರಿದ ರಾಯಬಾಗದ ಚರ್ಚಿನ ಈ ಸಲದ ಪ್ರಭು ಭೋಜನದಲ್ಲಿ ರೊಟ್ಟಿಯ ತಟ್ಟೆ ಅವಳನ್ನು ದಾಟಿ ಮುಂದೆ ಹೋಯಿತು. ಅದೇ ಹೊತ್ತಿನಲ್ಲಿ ನಿಪ್ಪಾಣಿಯಲ್ಲಿ ನನ್ನ ಮಗನಿಗೆ ರೊಟ್ಟಿ ಸಿಕ್ಕಿತು. "ನಾ ಏನ್ ತಪ್ಪ ಮಾಡೇನ್ರಿ ಅತ್ತಿ?" ಎಂದು ಕೇಳಿದಳು. ಹೇಳಿ, ಏನು ತಪ್ಪು ಮಾಡಿದ್ದಾಳೆ?

ಅವನನ್ನೇಕೆ ಇನ್ನೂ ಪೇಟಿಯ ಮುಂದೆ ಕೂಡಿಸುತ್ತೀರಿ ಎಂದು ಆಬಾಸಾಹೇಬರನ್ನೇ ಕೇಳಿದೆ. "ಕ್ರಿಸ್ಮಸ್ ಹತ್ರ ಬಂತಲ್ರಿ ಬಾಯಾರ, ಪೇಟಿ ನುಡಸಾಕ ಬ್ಯಾರೆ ಯಾರದಾರ್ರಿ?" ಎಂದರು. ಪೇಟಿ ನುಡಿಸುವವರು ಸಿಗುವುದಿಲ್ಲ, ಸೊಸೆಯಂದಿರು ಬೇಕಾದಷ್ಟು ಸಿಗುತ್ತಾರೆ, ಅಲ್ಲವೇ? ಪೇಟಿ ಇಲ್ಲದೆ ಹಾಡಿ. ಯಾರೂ ಸಾಯುವುದಿಲ್ಲ.

ನಾನು ವಿಶ್ವಾಸ ಬಿಟ್ಟವಳಲ್ಲ. ಕ್ಷಮೆ ದೊಡ್ಡದೆಂದು ಸಂಡೇ ಸ್ಕೂಲಿನಲ್ಲಿ ನಿಮ್ಮ ಮಕ್ಕಳಿಗೆ ಕಲಿಸಿದವಳೇ ನಾನು. ಆದರೆ ನಿಜವಾಗಿ ಪಶ್ಚಾತ್ತಾಪಪಟ್ಟವನು ನಿಮ್ಮ ಬೆನ್ನ ಹಿಂದೆ ಅಡಗಿಕೊಳ್ಳುವುದಿಲ್ಲ. ಅವನನ್ನು ಪೇಟಿಯ ಮುಂದಿನಿಂದ ಎಬ್ಬಿಸಿ, ರೊಟ್ಟಿಯಿಂದ ದೂರವಿಡಿ. ತಾರವ್ವನಿಗೆ ಯಾವ ಷರತ್ತೂ ಹಾಕದೆ ರೊಟ್ಟಿ ಕೊಡಿ. ಬಚ್ಚಲದ ಸುಳ್ಳು ಕಟ್ಟಿದವರು ಠಾಣೆಗೆ ಬಂದು ನಿಜ ಒಪ್ಪಿಕೊಳ್ಳಲಿ. ಏಕೆಂದರೆ ಸೋಮವಾರ ನಾವು ನಿಪ್ಪಾಣಿಗೆ ಹೋಗುತ್ತೇವೆ. ಫಿರ್ಯಾದು ಕೊಡುವುದೋ ಬಿಡುವುದೋ ಎಂದು ಅವಳನ್ನೇ ಕೇಳಿದೆ. "ಕೊಡೂಣ್ರಿ" ಅಂದಳು. ಕಣ್ಣಾರೆ ಕಂಡವಳು ನಾನು, ಸಾಕ್ಷಿ ನಾನೇ ಹೇಳುತ್ತೇನೆ.

ಅವನನ್ನು ಹೆತ್ತವಳು ನಾನು. ಅವನು ಜೇಲಿಗೆ ಹೋದರೆ ಬುತ್ತಿ ಕಟ್ಟಿಕೊಂಡು ನೋಡಲು ಹೋಗುವವಳೂ ನಾನೇ. ತಾರವ್ವನನ್ನು ಮಾತ್ರ ಅವನ ಕೈಗೆ ಕೊಡಲಾರೆ.

ಇಂತಿ,
ಮಗನ ಮೇಲೆ ಸಾಕ್ಷಿ ಹೇಳಲು ಹೊರಟ ತಾಯಿ,
ಸೋನಾಬಾಯಿ
ನಿವೃತ್ತ ಶಿಕ್ಷಕಿ, ರಾಯಬಾಗ
ಡಿಸೆಂಬರ್ ೧೯೯೧