ಅರವತ್ನಾಲ್ಕು ಎಡತೋಳುಗಳು

ಮಗಳು ಗುಂಡಿಗೆ ಅಮ್ಮನ ಆಶೀರ್ವಾದಗಳು.

ಹದಿನಾರನೇ ತಾರೀಖು, ಗುರುವಾರ, ಬೆಳಗಿನ ಹತ್ತೂವರೆ

ನಾನು ಯಾರೆಂಬುದನ್ನು ಮೊದಲು ನೆನಪಿಸಿಬಿಡುತ್ತೇನೆ. ಏಕೆಂದರೆ ಈ ಪತ್ರ ಓದಿದ ಮೇಲೆ ನೀನು ಅದನ್ನು ಮರೆತು ಕೂಗಾಡುವ ಸಂಭವವಿದೆ. ನಾನು ನಿನ್ನ ಅಮ್ಮ. ವಯಸ್ಸು ಎಪ್ಪತ್ನಾಲ್ಕು. ಹೈಸ್ಕೂಲು ಪಾಸಾದವಳು. ನಲವತ್ತೊಂದು ವರ್ಷ ಹೊಲಿಗೆ ಅಂಗಡಿ ನಡೆಸಿದವಳು. ಮೂರು ಶಾಲೆಗಳ ಮಕ್ಕಳು ನಾನು ಕತ್ತರಿಸಿದ ಸಮವಸ್ತ್ರ ತೊಟ್ಟು ಬೆಳೆದಿದ್ದಾರೆ. ಬೀದಿಯವರು ಎದುರಿಗೆ ಕಟಿಂಗ್ ಮಾಸ್ಟರಮ್ಮ ಎನ್ನುತ್ತಾರೆ, ಬೆನ್ನ ಹಿಂದೆ ಏನೆನ್ನುತ್ತಾರೆ ಎನ್ನುವುದೂ ನನಗೆ ಗೊತ್ತು. ನಿಮ್ಮಪ್ಪ ತೀರಿಕೊಂಡ ತಿಂಗಳಲ್ಲೇ ಅಂಗಡಿಯ ಬಾಗಿಲು ತೆಗೆದವಳು ನಾನು. ಅಂದಿನಿಂದ ಯಾರ ಅಪ್ಪಣೆಯನ್ನೂ ಕೇಳಿಲ್ಲ. ಈಗಲೂ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ನಾನು ನಿನ್ನ ಅಣ್ಣನ ಮನೆಯಲ್ಲಿಲ್ಲ. ಒಂದು ವಾರ ಇದ್ದು ಬರುತ್ತೇನೆಂದು ನಿನಗೆ ಹೇಳಿ ಹೊರಟವಳು, ಅವನ ಮನೆಯ ಮೆಟ್ಟಿಲನ್ನೂ ಹತ್ತಿಲ್ಲ. ನೀನು ಫೋನು ಮಾಡಿದಾಗಲೆಲ್ಲ ಅವನು, "ಅಮ್ಮ ಸ್ನಾನಕ್ಕೆ ಹೋಗಿದಾಳೆ" ಎಂದನಂತೆ. ನಾಲ್ಕು ದಿನದಲ್ಲಿ ನನಗೆ ಒಂಬತ್ತು ಸಲ ಸ್ನಾನ ಮಾಡಿಸಿದ್ದಾನೆ. ಸುಳ್ಳು ಹೇಳುವುದಕ್ಕಾದರೂ ಒಂದಿಷ್ಟು ಬುದ್ಧಿ ಬೇಡವೇ? ಅವನನ್ನು ಬೈಯಬೇಡ, ಹಾಗೆ ಹೇಳೆಂದು ಆಣೆ ಹಾಕಿಸಿದವಳು ನಾನೇ. ನನ್ನ ಮೊಬೈಲು ನಿನ್ನ ಮೆಷಿನ್ನಿನ ಪಕ್ಕದ ಡ್ರಾಯರಿನಲ್ಲಿದೆ. ಮರೆತು ಬಂದದ್ದಲ್ಲ.

ನಾನಿರುವುದು ಅರವತ್ತರ ಕಾಲೊನಿಯಲ್ಲಿ. ಅರವತ್ತು ದಾಟಿದವರಿಗೆ ಮಾತ್ರ ಮನೆ ಕೊಡುವ ಅದೇ ಕಾಲೊನಿ. ಮೂರು ತಿಂಗಳ ಹಿಂದೆ ನಿನ್ನ ಅಣ್ಣ ಅದರ ಬಣ್ಣದ ಕಾಗದವನ್ನು ಊಟದ ಮೇಜಿನ ಮೇಲಿಟ್ಟಾಗ ನೀನು ತಟ್ಟೆ ಬಿಟ್ಟು ಎದ್ದೆಯಲ್ಲ! "ನಮ್ಮಮ್ಮನ್ನ ಮೂಟೆ ಕಟ್ಟಿ ಸಾಗಿಸೋಕೆ ನಾನೇನು ಸತ್ತುಹೋಗಿದೀನಾ?" ಎಂದು ಕೂಗಿದೆ. ನಾನೂ ನಿನ್ನ ಜೊತೆಗೇ ಕೂಗಿದೆ. "ಆ ಮುದುಕರ ಮಧ್ಯೆ ನಾನ್ಯಾಕೆ ಹೋಗಿ ಬೀಳಲಿ?" ಎಂದೆ. ಆಮೇಲೆ ನೀನು ಸುಮ್ಮನಿರದೆ, ಅಮ್ಮ ಹೋಗುವುದಾದರೆ ನಾನೂ ಜೊತೆಗಿರಬಹುದೇ ಎಂದು ಅಲ್ಲಿನ ಮ್ಯಾನೇಜರನಿಗೆ ಫೋನು ಮಾಡಿದೆ. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಅವನು, "ನಲವತ್ತೇಳಾ ಮೇಡಂ? ಹಾಗಿದ್ರೆ ಇನ್ನೊಂದು ಹದಿಮೂರು ವರ್ಷ ಬಿಟ್ಟು ಮಾಡಿ" ಎಂದನಂತೆ. ನೀನು ಅದನ್ನು ಹೇಳಿಕೊಂಡು ನಕ್ಕೆ. ನಾನೂ ನಕ್ಕೆ. ಆದರೆ ಅವನ ಮಾತು ನನ್ನ ತಲೆಯಲ್ಲಿ ಉಳಿದುಕೊಂಡಿತು. ಎಂತಹ ಹಟ ಮಾಡಿದರೂ ನೀನು ಬಂದು ಸೇರಲಾಗದ ಜಾಗವೊಂದಿದೆ ಎಂದು ಆವತ್ತು ತಿಳಿಯಿತು.

ಈಗ ತೋಳುಗಳ ವಿಷಯ.

ನನಗೆ ಗೊತ್ತಿಲ್ಲವೆಂದುಕೊಂಡಿದ್ದೀಯ. ಹಾಸಿಗೆ ತುಂಬಲು ಚಿಂದಿ ಒಯ್ಯುವ ಹೆಂಗಸು ಒಂದು ಸೋಮವಾರ ಬಂದಾಗ ನೀನು ಬ್ಯಾಂಕಿಗೆ ಹೋಗಿದ್ದೆ. ಅವಳು ಚೀಲದೊಳಗೆ ಕೈಹಾಕಿ ನೋಡಿ, "ಏನಮ್ಮಾ, ಇಷ್ಟು ಚೆನ್ನಾಗಿರೋ ತೋಳುಗಳನ್ನ ಚಿಂದಿಗೆ ಹಾಕಿದೀರಲ್ಲ, ದೊಡ್ಡ ಸಾಹುಕಾರ್ತಿ ಆಗ್ಬಿಟ್ರಾ?" ಎಂದಳು. ಚೀಲ ಕಸಿದುಕೊಂಡು ಮೇಜಿನ ಮೇಲೆ ಸುರಿದೆ. ಒಂದೊಂದನ್ನೇ ಬಿಡಿಸಿ ಹಾಸಿದೆ. ಅರವತ್ನಾಲ್ಕು ಇದ್ದವು. ಎಲ್ಲವೂ ಎಡತೋಳುಗಳೇ.

ಬಟ್ಟೆಯ ಮುಖಕ್ಕೆ ಮುಖ ಕೂಡಿಸಿ ಹಾಸಿದರೆ ಒಂದೇ ಕತ್ತರಿಗೆ ಎಡ ಬಲ ಜೋಡಿಯಾಗಿ ಬರುತ್ತವೆ. ಎಲ್ಲ ಪದರವನ್ನೂ ಮುಖ ಮೇಲಾಗಿ ಹಾಸಿದರೆ ಎಲ್ಲವೂ ಒಂದೇ ಕೈಯವಾಗುತ್ತವೆ. ಮೊದಲ ವಾರದ ಕಲಿಕೆ ಇದು. ಬಟ್ಟೆಯ ಮುಖ ಯಾವುದು, ಬೆನ್ನು ಯಾವುದು ಎನ್ನುವುದು ನನ್ನ ಕಣ್ಣಿಗೆ ತಿಳಿಯದೆ ಹೋಗಿದೆ. ಅರವತ್ನಾಲ್ಕು ಅಂಗಿಯ ಅಷ್ಟೂ ತೋಳುಗಳನ್ನು ಎಡಗೈಗೇ ಕತ್ತರಿಸಿದ್ದೆ. ಬಾಯಿಬಿಟ್ಟು ಯಾರನ್ನಾದರೂ ಕೇಳಬಹುದಿತ್ತು. ಕೇಳುವವಳು ನಾನಲ್ಲ ಎಂದು ನಿನಗೆ ಗೊತ್ತಿದೆ.

ಆಗ ಒಂದೊಂದೇ ಅರ್ಥವಾಯಿತು. ಅದರ ಹಿಂದಿನ ವಾರ ನೀನು ನನ್ನನ್ನು ಇದ್ದಕ್ಕಿದ್ದಂತೆ ರಕ್ತ ಪರೀಕ್ಷೆಗೆ ಎಂದು ಇಸ್ತ್ರಿಯವನ ಹೆಂಡತಿಯ ಜೊತೆ ಕಳಿಸಿದ್ದು, ಮರುದಿನ ಮತ್ತೆ ಕಣ್ಣಿನ ಡಾಕ್ಟರು ಎಂದದ್ದು, ನಾನು ಬರುವಷ್ಟರಲ್ಲಿ ನಿನ್ನ ಬೆರಳಲ್ಲಿ ಕತ್ತರಿಯ ಹಿಡಿಯ ಗುರುತು ಬಿದ್ದಿದ್ದು. ಆ ಗುರುತನ್ನು ನಾನು ನೋಡಿದ್ದೆ. ಪಾತ್ರೆ ಉಜ್ಜಿದ್ದಿರಬೇಕು ಎಂದುಕೊಂಡಿದ್ದೆ. ನೀನು ನನ್ನ ಪಕ್ಕ ಕೂತು ಹೊಲಿದ ಇಪ್ಪತ್ತೆರಡು ವರ್ಷದಲ್ಲಿ ನಿನ್ನ ಕೈಯಲ್ಲಿ ಕತ್ತರಿ ಇರಬಹುದೆಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ಶಾಲೆಗೆಂದು ಹೊಲಿದು ಮೂಟೆ ಕಟ್ಟಿಟ್ಟಿದ್ದ ಅಂಗಿಗಳಲ್ಲಿ ಒಂದನ್ನು ತೆಗೆದು ಒಳಮೈ ಹೊರಗೆ ಮಾಡಿ ನೋಡಿದೆ. ಎಡತೋಳು ನನ್ನದು. ಬಲತೋಳು ನಿನ್ನದು. ನನ್ನ ತೋಳಿಗೆ ಹೆಗಲ ತುದಿಯಲ್ಲಿ ಒಂದು ಸಣ್ಣ ಸುಕ್ಕು ಬೀಳುತ್ತದೆ. ನಲವತ್ತೊಂದು ವರ್ಷದಿಂದ ಬೀಳುತ್ತಿದೆ. ಅದನ್ನು ಇಸ್ತ್ರಿ ಸರಿಮಾಡುತ್ತದೆ ಎಂದು ಹೇಳಿಕೊಂಡು ಬಂದಿದ್ದೇನೆ. ನಿನ್ನ ತೋಳಿನಲ್ಲಿ ಆ ಸುಕ್ಕಿಲ್ಲ. ಇನ್ನೊಂದನ್ನು ತೆಗೆದೆ, ಅದರಲ್ಲೂ ಇಲ್ಲ. ಹನ್ನೆರಡು ಅಂಗಿ ನೋಡಿ ಮಡಿಸಿಟ್ಟೆ. ಮುಂದೆ ನೋಡುವ ಧೈರ್ಯವಾಗಲಿಲ್ಲ.

ಗಂಡನ ಮನೆ ಬಿಟ್ಟು ಬಂದ ವರ್ಷ ನೀನು ನನ್ನನ್ನು ಒಮ್ಮೆ ಕೇಳಿದ್ದೆ. "ಅಮ್ಮಾ, ನಂಗೂ ಕಟಿಂಗ್ ಹೇಳ್ಕೊಡು." ನಾನು, "ಹೊಲಿಗೆ ತಪ್ಪಿದ್ರೆ ಬಿಚ್ಬೋದು, ಕತ್ತರಿ ತಪ್ಪಿದ್ರೆ ಏನ್ ಬಿಚ್ತೀಯ? ಒಂದು ಸಂಸಾರ ಹೊಲಿಯೋಕಾಗ್ಲಿಲ್ಲ ನಿನಗೆ" ಎಂದೆ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ನೀನು ಮತ್ತೆಂದೂ ಕೇಳಲಿಲ್ಲ. ಆ ಮಾತು ಆಡಿದ್ದು ಮರೆತಿದ್ದೇನೆಂದು ನೀನು ಭಾವಿಸಿರಬಹುದು. ಮರೆತಿಲ್ಲ.

ತೋಳು ಸಿಕ್ಕ ಮೇಲೆ ನೀನು ಹೇಳಲಿ ಎಂದು ಕಾದೆ. ನೀನು ಹೇಳಲಿಲ್ಲ. ಅಂಗಿಗಳನ್ನು ಒಯ್ಯಲು ಶಾಲೆಯ ಹೆಡ್‌ಮಿಸ್ಸು ತಾವೇ ಬಂದರು, ಒಂದನ್ನು ಎತ್ತಿ ಹಿಡಿದು, "ಎಪ್ಪತ್ತು ದಾಟಿದ್ರೂ ನಿಮ್ಮ ಕೈ ಹೇಗಿದೆ ನೋಡಿ ಮಾಸ್ಟರಮ್ಮಾ, ಈ ಬಲಗೈ ತೋಳು ಎಷ್ಟು ಚೆನ್ನಾಗಿ ಕೂತಿದೆ!" ಎಂದರು. ನೀನು ಮೆಷಿನ್ನಿನ ಮುಂದೆ ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದೆ. ಸೂಜಿಗೆ ಆಗಲೇ ದಾರವಿತ್ತು. ನಾನು, "ಅಭ್ಯಾಸ ಬಲ" ಎಂದೆ. ಹೊಗಳಿಕೆಯನ್ನು ತೆಗೆದುಕೊಂಡೆ, ಗುಂಡಿ. ನಿನ್ನ ಎದುರಿಗೇ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಕತ್ತರಿಯನ್ನು ನಿನ್ನ ಕೈಗೆ ಕೊಟ್ಟುಬಿಡಬೇಕೆಂದು ಗಟ್ಟಿಮಾಡಿಕೊಂಡು ಅಂಗಡಿಗೆ ಬಂದೆ. ನೀನು ಬಟ್ಟೆ ಹಾಸಿದೆ. ಯಾಕೋ ಈ ಸಲ ಮುಖಕ್ಕೆ ಮುಖ ನೀನೇ ಕೂಡಿಸಿದೆ. ನಾನು ಕತ್ತರಿ ಎತ್ತಿಕೊಂಡೆ, ಕತ್ತರಿಸಿದೆ. ಇನ್ನೊಂದು ದಿನವೂ ಹೀಗೇ ಆಯಿತು. ಮೂರನೆಯ ದಿನ ನಿನ್ನ ಅಣ್ಣನಿಗೆ ಫೋನು ಮಾಡಿ, ಆ ಕಾಗದದಲ್ಲಿದ್ದ ನಂಬರು ಇದೆಯೇ ಎಂದು ಕೇಳಿದೆ. ಆ ಮೇಜಿನ ಹತ್ತಿರ ಇರುವವರೆಗೂ ನಾನು ಕತ್ತರಿ ಬಿಡುವವಳಲ್ಲ, ನೀನು ಕಸಿದುಕೊಳ್ಳುವವಳೂ ಅಲ್ಲ. ನಾನು ಬೇರೆ ಎಲ್ಲಿಗೆ ಹೋದರೂ ನೀನು ನನ್ನ ಹಿಂದೆಯೇ ಹಾಸಿಗೆ ಸುತ್ತಿಕೊಂಡು ಬರುತ್ತಿದ್ದೆ. ಇಲ್ಲಿಗೆ ಬರಲು ನಿನಗೆ ವಯಸ್ಸು ಸಾಲದು. ಇಷ್ಟೇ ಕಾರಣ.

ಇಲ್ಲಿ ಚೆನ್ನಾಗಿದೆ. ಒಂದು ಕೋಣೆ, ಒಂದು ಪುಟ್ಟ ಅಡುಗೆ ಕಟ್ಟೆ, ಜಾರದ ನೆಲ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ. ಎಲ್ಲೆಲ್ಲೂ ಕಂಬಿ, ಇಡೀ ಕಟ್ಟಡವೇ ಬೀಳುತ್ತದೇನೋ ಎನ್ನುವ ಹಾಗೆ. ಪಕ್ಕದ ಮನೆಯಲ್ಲಿ ನಿವೃತ್ತ ಪೋಸ್ಟ್ ಮಾಸ್ಟರಿದ್ದಾರೆ. ದಿನಕ್ಕೆರಡು ಸಲ ಗೇಟಿನ ಟಪಾಲು ಪೆಟ್ಟಿಗೆ ನೋಡಿ ಬಂದು, "ಇವತ್ತೂ ಯಾರಿಗೂ ಏನೂ ಇಲ್ಲ" ಎಂದು ಎಲ್ಲರಿಗೂ ವರದಿ ಕೊಡುತ್ತಾರೆ. ಎದುರಿನ ಮನೆಯ ನರ್ಸಮ್ಮ ಒಬ್ಬರು ಬಂದು, ಪರದೆಯ ಅಂಚು ಮಡಚಿ ಹೊಲಿದುಕೊಡುತ್ತೀರಾ ಎಂದು ಕೇಳಿದರು. "ನಾನು ಹೊಲಿಯೋಳಲ್ಲ, ಕತ್ತರಿಸೋಳು" ಎಂದೆ. "ಹಾಗಾದ್ರೆ ನಿಮ್ಮ ಹತ್ರ ಎಚ್ಚರಿಕೆಯಿಂದಿರ್ಬೇಕು" ಎಂದು ನಕ್ಕು ಹೋದರು. ಮತ್ತೆ ಬಂದಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ. ಗದ್ದಲ ಮಾಡಬಾರದೆಂದು ನಿಯಮವಿದೆ. ಮಾಡುವವರೂ ಯಾರೂ ಇಲ್ಲ. ಮೆಷಿನ್ನಿನ ಸದ್ದಿಗೆ ಬೈದುಕೊಂಡೇ ಇಷ್ಟು ವರ್ಷ ಮಧ್ಯಾಹ್ನ ಮಲಗಿದವಳು ನಾನು. ಇಲ್ಲಿ ಬೈಯಲು ಏನೂ ಸಿಗದೆ ನಿದ್ದೆ ಬರುವುದಿಲ್ಲ. ನಿನ್ನೆ ಫ್ಯಾನಿನ ವೇಗ ಹೆಚ್ಚಿಸಿ ನೋಡಿದೆ, ಏನೂ ಪ್ರಯೋಜನವಾಗಲಿಲ್ಲ. ಇದನ್ನು ಬರೆಯಬೇಕೆಂದಿರಲಿಲ್ಲ, ಬರೆದಾಯಿತು, ಹೊಡೆದುಹಾಕಿದರೆ ಕಾಗದ ಕೊಳಕಾಗುತ್ತದೆ.

ಅಂಗಡಿಯ ವಿಷಯ. ಮುಂದಿನ ತಿಂಗಳು ಎರಡನೇ ಶಾಲೆಯ ಅಳತೆಗೆ ನೀನೇ ಹೋಗು. ಮಕ್ಕಳು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಮಾತಾಡಿಸಿ, ಉಸಿರು ಬಿಟ್ಟ ಮೇಲೆ ಟೇಪು ಹಿಡಿ. ಹೊಲಿಯಲು ಯಾರನ್ನಾದರೂ ಇಟ್ಟುಕೋ. ನಾನು ನಿನ್ನನ್ನು ನಡೆಸಿಕೊಂಡ ಹಾಗೆ ಅವರನ್ನು ನಡೆಸಿಕೊಳ್ಳಬೇಡ. ಹೆಡ್‌ಮಿಸ್ಸಿಗೆ ನಾನು ಬೇರೆ ಪತ್ರ ಬರೆದಿದ್ದೇನೆ. ಬಲತೋಳು ಯಾರದ್ದೆಂದು ಅದರಲ್ಲಿ ಹೇಳಿದ್ದೇನೆ. ನಾಲ್ಕು ಸಾಲು ಬರೆಯಲು ಎರಡು ದಿನ ಹಿಡಿಯಿತು.

ನನ್ನನ್ನು ಕರೆದೊಯ್ಯಲು ಬರಬೇಡ. ಅತ್ತು ಕರೆದು ಪ್ರಯೋಜನವಿಲ್ಲ. ನಿನ್ನೆ ಬೆಳಿಗ್ಗೆ ಒಪ್ಪಂದದ ಆರೂ ಹಾಳೆಗಳಿಗೆ ಸಹಿ ಹಾಕಿ, ಈ ಮನೆಯ ಬೀಗದ ಕೈ ತೆಗೆದುಕೊಂಡಿದ್ದೇನೆ. ಬಾಗಿಲ ಮೇಲೆ ನನ್ನ ಹೆಸರೂ ಬರೆಸಿಯಾಯಿತು.

ಇಂತಿ,
ನಿನ್ನ ಅಮ್ಮ

ವಿ.ಸೂ.: ಅರವತ್ತಾಗದವರು ಇಲ್ಲಿ ಅತಿಥಿಯಾಗಿ ವರ್ಷಕ್ಕೆ ಹದಿನಾಲ್ಕು ದಿನ ತಂಗಬಹುದಂತೆ. ಯಾರು, ಯಾವ ದಿನ ಎಂದು ಮೊದಲೇ ಬರೆದುಕೊಡಬೇಕು. ಹದಿನಾಲ್ಕು ದಿನಕ್ಕೂ ನಿನ್ನ ಹೆಸರನ್ನೇ ಬರೆದಿದ್ದೇನೆ. ನಿನ್ನ ಅಣ್ಣನಿಗೆ ಒಂದೂ ಉಳಿಸಿಲ್ಲ, ಅವನಿಗೆ ಹೇಳಬೇಡ. ಬರಲೇಬೇಕೆಂದೇನಿಲ್ಲ. ಮೊದಲನೆಯದು ಈ ಭಾನುವಾರ.