ಒರೆಸಿದ ಮೇಲೆ ಉಳಿದದ್ದು

ಹೊಂಬಳ
ಬುಧವಾರ, ೧೨-೨-೨೦೨೫

ಚಿ. ಸೌ. ಅಂಕಿತಾಗೆ ನಿನ್ನ ಅವ್ವನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕು. ಈ ಸಲ ಅದನ್ನು ಬರೆಯದೆ ಮುಂದೆ ಹೋಗುತ್ತೇನೆ. ಫೋನು ಇರುವಾಗ ಅವ್ವ ಪತ್ರ ಯಾಕೆ ಬರೆದಳು ಎಂದು ನಿನಗೆ ಅನಿಸಬಹುದು. ಮನೆಯಲ್ಲಿರುವುದು ಒಂದೇ ಫೋನು, ಅದು ನಿಮ್ಮಪ್ಪನ ಅಂಗಿಯ ಜೇಬಿನಲ್ಲಿ. ಇದು ಅವರ ಕಿವಿಗೆ ಬೀಳಬಾರದ ಮಾತು.

ಹೋದ ತಿಂಗಳು ನಮ್ಮೂರ ಶಾಲೆಯ ಬಯಲಿಗೆ ಒಂದು ದೊಡ್ಡ ಬಸ್ಸು ಬಂದಿತ್ತು. ಒಳಗೆ ಎದೆಯ ಎಕ್ಸರೇ ತೆಗೆಯುವ ಯಂತ್ರ, ಮ್ಯಾಮೊಗ್ರಾಮ್ ಅನ್ನುತ್ತಾರೆ. ಹಳ್ಳಿಯ ಹೆಂಗಸರಲ್ಲಿ ಸ್ತನದ ಕ್ಯಾನ್ಸರನ್ನು ಗಂಟು ಕೈಗೆ ಸಿಗುವ ಮೊದಲೇ ಹಿಡಿಯಬಹುದೇ ಎಂದು ಯಾವುದೋ ಮೆಡಿಕಲ್ ಕಾಲೇಜಿನವರು ಸಂಶೋಧನೆ ಮಾಡುತ್ತಿದ್ದಾರಂತೆ. ಆಶಾ ಕಾರ್ಯಕರ್ತೆ ಅಮೀನಬಿ ಮನೆಮನೆಗೆ ಬಂದು ಐವತ್ತರ ಆಚೀಚಿನವರನ್ನೆಲ್ಲ ಎಬ್ಬಿಸಿಕೊಂಡು ಹೋದಳು. "ಏನೂ ಇಲ್ಲದಾಗ ಹೋಗಿ ಬಾ ಗದಿಗೆವ್ವಾ, ಆದ ಮ್ಯಾಲ ಎಲ್ಲಾರೂ ಓಡತಾರ" ಅಂದಳು.

ಯಂತ್ರದ ಹುಡುಗಿ ರುಹಿ ಅಂತ, ಶಿಗ್ಲಿಯವಳು. ಕೊರಳಿನದೆಲ್ಲ ತೆಗೆಯಬೇಕು ಅಂದಳು. ಲಿಂಗ ಬಿಟ್ಟಿರಲು ಆಗುವುದಿಲ್ಲ ಅಂದೆ. "ಕೈಯಾಗ ಹಿಡಕೋರಿ ಅವ್ವಾರ, ನನಗೇನೂ ಅಡ್ಡಿಲ್ಲ" ಅಂದಳು. ಆಮೇಲೆ "ಪೌಡರ್ ಗಿವಡರ್ ಹಚ್ಚೀರೇನು?" ಅಂತ ಕೇಳಿದಳು. "ಈ ವಯಸ್ಸಿನಾಗ ಯಾರಿಗೆ ತೋರಸಾಕ ಹಚ್ಚಲಿ ತಂಗಿ" ಅಂದೆ. ಪರದೆಯ ಆಚೆ ಕೂತಿದ್ದ ಹೆಂಗಸರೆಲ್ಲ ನಕ್ಕರು. ಎರಡು ಹಲಗೆಗಳ ನಡುವೆ ಒತ್ತಿ ಹಿಡಿದಾಗ ನೋವಾಯಿತು, ತಡೆದುಕೊಳ್ಳುವಷ್ಟು.

ಕೆಲವು ದಿನಗಳ ಮೇಲೆ ನಿಮ್ಮಪ್ಪನ ಫೋನಿಗೆ ಕರೆ ಬಂತು. ಗದಗಿನ ಆಸ್ಪತ್ರೆಗೆ ಬರಬೇಕು, ಇನ್ನೊಮ್ಮೆ ತೆಗೆಯಬೇಕು ಅಂತ. ಹೋದ ಶನಿವಾರ ಅಮೀನಬಿಯ ಜೊತೆ ಹೋದೆ. ಡಾಕ್ಟರಬಾಯಿ ಮೊದಲಿನ ಚಿತ್ರ ತೋರಿಸಿದರು. ಕರಿ ಕಂಬಳಿಯ ಮೇಲೆ ಜೋಳದ ಹಿಟ್ಟು ಉದುರಿದ ಹಾಗೆ ಎರಡೂ ಕಡೆ ಬಿಳಿ ಚುಕ್ಕೆ. ಇಂಥ ಚುಕ್ಕೆ ಕೆಲವೊಮ್ಮೆ ರೋಗದ ಮೊದಲ ಗುರುತು, ಮೈಗೆ ಏನಾದರೂ ಹಚ್ಚಿದ್ದರೂ ಹೀಗೇ ಕಾಣುತ್ತದೆ ಅಂದರು. ಆಗ ಹೊಳೆಯಿತು. ದಿನಾ ಸ್ನಾನವಾದ ಮೇಲೆ ಹಣೆಗೆ, ಕೊರಳಿಗೆ, ತೋಳಿಗೆ, ಎದೆಗೆ ವಿಭೂತಿ ಹಚ್ಚುವವಳು ನಾನು. ಅದೂ ಒಂದು ಪೌಡರ್ ಎಂದು ಯಾವತ್ತಾದರೂ ಅಂದುಕೊಂಡಿದ್ದೇನೆಯೇ? ಹೇಳಿದಾಗ ಡಾಕ್ಟರಬಾಯಿ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿದ್ದ ರುಹಿಯೇ ಅಲ್ಲಿಯೂ ಇದ್ದಳು. ಒದ್ದೆ ಬಟ್ಟೆಯಿಂದ, ಕೂಸಿಗೆ ಒರೆಸಿದ ಹಾಗೆ, ಮಡಿಕೆ ಬಿಡದೆ ಒರೆಸಿ ಮತ್ತೆ ತೆಗೆದಳು.

ಬಲಗಡೆ ಎಲ್ಲ ಹೋಗಿತ್ತು. ಎಡಗಡೆ ಒಂದು ಜಾಗದಲ್ಲಿ ಉಳಿದಿತ್ತು, ಒಂದು ಚಿಟಿಕೆಯಷ್ಟು.

"ಇದು ಒಳಗಿಂದು ಅವ್ವಾ. ಕ್ಯಾನ್ಸರ್ ಅಂತ ಈಗ ಹೇಳಾಕ ಬರೂದಿಲ್ಲ, ಅಲ್ಲ ಅಂತನೂ ಹೇಳಾಕ ಬರೂದಿಲ್ಲ. ಸೂಜಿ ಹಾಕಿ ಚೂರು ತಗದು ನೋಡಬೇಕು. ಹದಿನೇಳಕ್ಕ, ಸೋಮವಾರ ಬರ್ರಿ. ಮೈಗೆ ಏನೂ ಹಚ್ಚಬ್ಯಾಡ್ರಿ" ಅಂದರು. ಆಯಿತು ಅಂದೆ. ಬೇರೆ ಯಾರದೋ ಸುದ್ದಿ ಕೇಳಿದ ಹಾಗಿತ್ತು.

ಮನೆಗೆ ಬಂದು ರೊಟ್ಟಿ ಬಡಿದೆ. ಹಂಚಿಗೆ ಬೆರಳು ತಾಗಿದ್ದು ಗುಳ್ಳೆ ಎದ್ದ ಮೇಲೆ ಗೊತ್ತಾಯಿತು. ಪೂಜೆಗೆ ಕೂತರೆ ಬೇಡಿಕೊಳ್ಳಲು ಬಾಯಿಗೆ ಏನೂ ಬರುವುದಿಲ್ಲ. ಅಂಗೈಯ ಮೇಲಿನ ಲಿಂಗ ನೋಡುತ್ತ ಕೂತಿರುತ್ತೇನೆ. ಅಳುವೂ ಇಲ್ಲ.

ನಿಮ್ಮಪ್ಪ ಕೇಳಿದಾಗ "ಎಲ್ಲಾ ವಿಭೂತಿ ಆಗಿತ್ತರಿ, ಒರಸಿದ ಮ್ಯಾಲ ಹೋತು" ಅಂದೆ. ಅವರ ಅಕ್ಕ ಸುಮಿತ್ರವ್ವ ಇದೇ ರೋಗದಲ್ಲಿ ಹೋದದ್ದು ನಿನಗೆ ಗೊತ್ತು. ಕೊನೆಗೆ ಅವಳನ್ನು ಎತ್ತಿ ಕೂರಿಸಿ ಅಂಬಲಿ ಕುಡಿಸಿದವರು ಅವರೇ. ಆ ದಿನಗಳ ಅವರ ಮುಖ ನನಗೆ ಮತ್ತೆ ನೋಡುವುದು ಬೇಡ.

ಅವತ್ತು ಅವರು ಹ್ಞೂಂ ಅಂದರು, ಅಷ್ಟೇ. ಮೊನ್ನೆಯಿಂದ ಮಾತ್ರ ಕಟ್ಟೆಯ ಮೇಲೆ ಕೂತು ಹೋಗಿ ಬರುವವರಿಗೆಲ್ಲ "ನಮ್ಮಾಕಿ ಮಿಷನ್ನಿನಾಗ ಶಿವನ್ನ ತೋರಿಸಿ ಬಂದಾಳ, ಡಾಕ್ಟರು ಕೈ ಮುಗದು ಕಳಿಸ್ಯಾರ" ಎಂದು ಹೇಳುತ್ತಿದ್ದಾರೆ. ಪಕ್ಕದ ಮನೆಯ ಮುತ್ತವ್ವ "ಮುಂದಿನ ಸಲ ರುದ್ರಾಕ್ಷಿನೂ ಹಾಕ್ಕೊಂಡು ಹೋಗವಾ" ಅನ್ನುತ್ತಾಳೆ. ನಿಮ್ಮಪ್ಪ ನಗುವುದನ್ನು ನೋಡಿ, ಸುಳ್ಳು ಹೇಳಿದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ನೀನು ಸೋಮವಾರ ಮುಂಡರಗಿಯಿಂದ ಮೊದಲ ಬಸ್ಸಿಗೆ ಗದಗಿಗೆ ಬಾ. ನಿನ್ನ ಮನೆಗೆ ಹೊರಟಿದ್ದೇನೆ ಎಂದು ಅವರಿಗೆ ಹೇಳುತ್ತೇನೆ. ನೀನು ಏನೂ ಮಾಡಬೇಕಾಗಿಲ್ಲ. ಬಾಗಿಲ ಹೊರಗೆ ನಮ್ಮವರು ಒಬ್ಬರು ಕೂತಿದ್ದರೆ ಸಾಕು. ಫೋನಿನಲ್ಲಿ ಮಾತ್ರ ಕೇಳಬೇಡ.

ಇತಿ ನಿನ್ನ ಅವ್ವ,
ಗದಿಗೆವ್ವ

ತಾ. ಕ. : ಪತ್ರ ಪೆಟ್ಟಿಗೆಗೆ ಹಾಕಲು ಹೊಸ್ತಿಲು ದಾಟಿದ್ದೆ. ನಿಮ್ಮಪ್ಪ ಹಿಂದಿನಿಂದ "ಸೋಮವಾರ ಎಷ್ಟಕ್ಕ ಹೊಂಡೂದು?" ಅಂದರು. ಸೋಮವಾರದ ಮಾತನ್ನು ನಾನು ಅವರ ಮುಂದೆ ಎತ್ತಿಯೇ ಇರಲಿಲ್ಲ. ಆಸ್ಪತ್ರೆಯವರ ಹತ್ತಿರ ಇರುವುದು ಅವರದೇ ನಂಬರು ಅನ್ನುವುದು ನನ್ನ ತಲೆಗೆ ಬಂದಿರಲಿಲ್ಲ ನೋಡು. "ಮೊನ್ನಿನ ಫೋನ್ ಮಾಡಿ ಎಲ್ಲಾ ಹೇಳಿದ್ರು" ಅಂದರು. ಕಟ್ಟೆಯ ಮೇಲಿನ ಆ ನಗೆಯೆಲ್ಲ ಅದಾದ ಮೇಲಿನದು. "ಅವತ್ತ ನಾನೂ ವಿಭೂತಿ ಹಚ್ಚಂಗಿಲ್ಲ. ಇಬ್ರೂ ಬರಿ ಹಣಿಲೆ ಹೋಗೂಣು" ಅಂದರು. ಲಕೋಟೆ ಬಿಚ್ಚಿ ಇಷ್ಟು ಬರೆದೆ. ನೀನು ತಪ್ಪದೆ ಬಾ. ಹೊರಗೆ ಅವರ ಪಕ್ಕ ಕೂರಲು ಒಬ್ಬರು ಬೇಕು.