ಹಸಿರು ಗೆರೆ

ಬಾಮೈದನಿಗೆ,

ನಿನ್ನಕ್ಕ ಚೆನ್ನಾಗಿದ್ದಾಳೆ. ನಾನು ರಜೆ ಹಾಕಿದ್ದೇನೆ ಎಂದೇ ನಂಬಿದ್ದಾಳೆ. ಕೆಲಸ ಹೋದದ್ದನ್ನು ನಾನು ಹೇಳಿಲ್ಲ, ನೀನೂ ಬಾಯಿ ಬಿಡಬೇಡ.

ಶೋರೂಮಿನ ಮೆಕ್ಯಾನಿಕ್‌ಗಳಿಗೆಲ್ಲ ಆ ಭಾರೀ ವೇಗದ ಕಾರುಗಳ ಕೆಲಸ ಕಲಿಸಿದವನು ನಾನು. ಅವುಗಳ ಚಕ್ರಕ್ಕೆ ನಡುವೆ ಒಂದೇ ನಟ್. ಬಿಗಿ ಮಾಡಿ, ಕಾಲು ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿ, ಆಮೇಲೆ ಯಾರ ಕೆಲಸವೆಂದು ಗೊತ್ತಾಗಲು ನಟ್‌ನಿಂದ ಚಕ್ರದವರೆಗೆ ಅವರವರ ಬಣ್ಣದಲ್ಲಿ ಗೆರೆ ಎಳೆಯಬೇಕು ಎಂದು ಎಷ್ಟು ಬಡಿದುಕೊಂಡೆ. "ಬಿಗಿಯಾಗಿರೋದನ್ನ ಮತ್ಯಾಕೆ ಸಡಿಲ ಮಾಡೋದು ಭಾವ?" ಎಂದು ನೀನು ಕೇಳಿದಾಗ ಕ್ಲಾಸೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ.

ರಸ್ತೆಯಲ್ಲಿ ಕಳಚಿಕೊಂಡ ಚಕ್ರವನ್ನು ವರ್ಕ್‌ಶಾಪಿಗೆ ತಂದಾಗ, ಮ್ಯಾನೇಜರ್ ಬರುವ ಮುಂಚೆ ನೀನು ನಿನ್ನ ಹಳದಿ ಗೆರೆಯನ್ನು ಉಜ್ಜಿ, ಅಲ್ಲೇ ನನ್ನ ಹಸಿರು ಎಳೆದಿದ್ದೆ. ಅಂಚಿನಲ್ಲಿ ಚೂರು ಹಳದಿ ಉಳಿದಿತ್ತು. "ಭಾವನೇ ಹಾಕಿದ್ದು ಸಾರ್" ಎಂದೆ, ನನ್ನ ಮುಖ ನೋಡದೆ. ನಿನ್ನಕ್ಕ ನೆನಪಾದಳು. ಆ ಹಳದಿಯನ್ನು ನಾನು ಯಾರಿಗೂ ತೋರಿಸಲಿಲ್ಲ.

ಈಗ ಒಂದು ಕೆಲಸ ಮಾಡು. ಶೋರೂಮಿನಲ್ಲಿ ನನ್ನ ಫೋನ್ ಯಾರೂ ಎತ್ತುತ್ತಿಲ್ಲ, ನೀನೂ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರವನ್ನು ಆಳಿನ ಕೈಯಲ್ಲಿ ಕಳಿಸುತ್ತಿದ್ದೇನೆ. ಆ ಚಕ್ರ ಹಾಕಿದ ದಿನ ನೀನು ಎರಡು ಕಾರು ಮುಗಿಸಿದ್ದೆ. ಇನ್ನೊಂದು, ಡಾಕ್ಟರಮ್ಮನ ಕೆಂಪು ಕಾರು, ಅವರ ಮಗಳನ್ನು ಕೂರಿಸಿಕೊಂಡು ಓಡಾಡುತ್ತಲೇ ಇದೆ. ಏನಾದರೂ ನೆಪ ಹೇಳಿ ಇವತ್ತೇ ವಾಪಸ್ ಕರೆಸು. ನಾಲ್ಕೂ ಚಕ್ರ ಬಿಗಿ ಮಾಡು, ಸಡಿಲಿಸು, ಮತ್ತೆ ಬಿಗಿ ಮಾಡು.

ಆಮೇಲೆ ಯಾವ ಬಣ್ಣದ ಗೆರೆ ಬೇಕಾದರೂ ಎಳೆದುಕೋ. ನನ್ನ ಹಸಿರು ಪೆನ್ನು ಹೇಗೂ ನಿನ್ನ ಜೇಬಿನಲ್ಲೇ ಇದೆ.

ಇಂತಿ,
ನಿನ್ನಕ್ಕನ ಗಂಡ